ಗುಡ್ಡದಾಚೆಯ ದೊಡ್ಡ ದನಿ

ರಿಯೊ ಡಿ ಜನೈರೊ ಅಂದಕೂಡಲೇ ಕಣ್ಣಿಗೆ ಕಟ್ಟುವುದು ಕಡಲು: ಕೋಪಾಕಬಾನಾದ ಮರಳದಂಡೆ, ಇಪನೆಮಾದ ಸಂಜೆ, ದಂಡೆಗುಂಟ ಸಾಲುಗಟ್ಟಿದ ಎತ್ತರದ ಕಟ್ಟಡಗಳು. ಆದರೆ ಆ ಕಡಲು ಊರಿನ ಒಂದು ಮಗ್ಗುಲಿಗೆ ಮಾತ್ರ ಸೇರಿದ್ದು. ನಡುವೆ ಕಾಡು ಹೊದ್ದ ಟಿಜೂಕಾ ಗುಡ್ಡಸಾಲು ಅಡ್ಡ ಮಲಗಿದೆ. ಅದರ ತೆಂಕಣಕ್ಕೆ ಹಣವಂತರ ತೀರ. ಬಡಗಣಕ್ಕೆ ಕೂಲಿಕಾರರು, ಸಣ್ಣ ಅಂಗಡಿಯವರು, ಗುಮಾಸ್ತರು ತುಂಬಿದ ಬಡಾವಣೆಗಳು. 1958ರಲ್ಲಿ ಜೊವಾವ್ ಜಿಲ್ಬೆರ್ಟೊ ಗಿಟಾರು ಹಿಡಿದು ಹೆಚ್ಚುಕಡಿಮೆ ಪಿಸುದನಿಯಲ್ಲಿ ಹಾಡಿ ಬಾಸಾ ನೋವಾ ಎಂಬ ಹೊಸ ಸಂಗೀತಕ್ಕೆ ದಾರಿ ತೆರೆದಾಗ ಅದನ್ನು ಎದೆಗಪ್ಪಿಕೊಂಡದ್ದು ತೆಂಕಣ ಮಗ್ಗುಲು. ಪಕ್ಕದ ಮನೆಯವರಿಗೂ ಕೇಳಿಸದಷ್ಟು ಮೆಲ್ಲಗೆ ಹಾಡುವ ಆ ನಯಕ್ಕೆ ಮುಂದೆ ಜಗತ್ತೇ ಒಲಿಯಿತು. ಅದೇ ವರ್ಷಗಳಲ್ಲಿ ಗುಡ್ಡದ ಇನ್ನೊಂದು ಬದಿಯ ಟಿಜೂಕಾ ಬಡಾವಣೆಯಲ್ಲಿ, ಹದಿನಾರರ ಆಸುಪಾಸಿನ ಹುಡುಗನೊಬ್ಬ ಬೀದಿ ತುಂಬುವ ಗಂಟಲಿನಲ್ಲಿ ಲಿಟಲ್ ರಿಚರ್ಡ್‌ನ ಹಾಡುಗಳನ್ನು ಹಾಡುತ್ತಿದ್ದ.

ಅವನ ಹೆಸರು ಸೆಬಾಸ್ತಿಯಾವ್ ರೊಡ್ರಿಗೆಸ್ ಮಾಯಾ. ಹುಟ್ಟಿದ್ದು 1942ರ ಸೆಪ್ಟೆಂಬರ್ 28ರಂದು, ಹತ್ತೊಂಬತ್ತು ಮಕ್ಕಳ ಮನೆಯಲ್ಲಿ, ಹದಿನೆಂಟನೆಯವನಾಗಿ. ಅಪ್ಪ ಅಲ್ತೀವೊ ಮತ್ತು ಅಮ್ಮ ಮಾರಿಯಾ ಇಮಾಕುಲಾದಾ ಊಟದ ಮನೆಯೊಂದನ್ನು ನಡೆಸುತ್ತಿದ್ದರು. ಅಡುಗೆ ಅಮ್ಮನದು, ಮನೆಮನೆಗೆ ಊಟದ ಕ್ಯಾರಿಯರ್ ತಲುಪಿಸುವುದು ಮಕ್ಕಳ ಪಾಲು. ಕ್ಯಾರಿಯರ್ ಹೊರುವ ಹುಡುಗನೆಂದೇ ಬೀದಿಯ ಗೆಳೆಯರು ಅವನಿಗೆ ಅಡ್ಡಹೆಸರಿಟ್ಟಿದ್ದರು. ದಪ್ಪ ಮೈ, ಕಪ್ಪು ಬಣ್ಣ, ತುಂಬದ ಜೇಬು ಮೂರೂ ಸೇರಿ ಅವನನ್ನು ಸದಾ ಜಗಳಕ್ಕೆ ಅಣಿಯಾಗಿಟ್ಟಿದ್ದವು. ಯಾರೂ ತನ್ನನ್ನು ಹಿಂದಕ್ಕೆ ತಳ್ಳಬಾರದು, ತನ್ನದನ್ನು ಯಾರೂ ಕಸಿಯಬಾರದು ಎಂಬ ಹಟ ಅವನಲ್ಲಿ ಆ ವಯಸ್ಸಿಗೇ ಬೇರೂರಿತ್ತು. ಮುಂದೆ ಟಿಮ್ ಮಾಯಾ ಎಂಬ ಹೆಸರಿನಲ್ಲಿ ಬ್ರೆಜಿಲ್‌ಗೆ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತವನ್ನು ತಂದುಕೊಟ್ಟವನ ಬದುಕನ್ನು ಹಿಂತಿರುಗಿ ನೋಡಿದರೆ ಅವನನ್ನು ಎತ್ತಿದ್ದೂ ಆ ಹಟವೇ, ಕೆಡವಿದ್ದೂ ಆ ಹಟವೇ ಎಂದು ನನಗನ್ನಿಸುತ್ತದೆ.

ಟಿಜೂಕಾದ ಮಾತೋಜೊ ಬೀದಿಯ ಮೂಲೆಯಲ್ಲಿ ದಿವೀನೊ ಎಂಬ ಬಾರ್ ಇತ್ತು. ಅಲ್ಲಿ ಸೇರುತ್ತಿದ್ದ ಪಡ್ಡೆ ಹುಡುಗರಲ್ಲಿ ಸೆಬಾಸ್ತಿಯಾವ್ ಜೊತೆಗೆ ಎರಾಸ್ಮೊ ಕಾರ್ಲೋಸ್ ಇದ್ದ, ಜಾರ್ಜ್ ಬೆನ್ ಇದ್ದ, ರಾಬರ್ಟೊ ಕಾರ್ಲೋಸ್ ಬಂದುಹೋಗುತ್ತಿದ್ದ. (ನಮ್ಮಲ್ಲಿ ಆ ಹೆಸರು ಕೇಳಿದರೆ ಫುಟ್‌ಬಾಲ್ ಆಟಗಾರ ನೆನಪಾಗುತ್ತಾನೆ, ಬ್ರೆಜಿಲ್‌ನಲ್ಲಿ ಮೊದಲು ನೆನಪಾಗುವವನು ಈ ಗಾಯಕ.) ಮುಂದಿನ ಅರ್ಧ ಶತಮಾನ ಬ್ರೆಜಿಲ್ ಕೇಳಲಿದ್ದ ಹಾಡುಗಳ ಒಂದು ದೊಡ್ಡ ಪಾಲು ಆ ಒಂದು ಮೂಲೆಯಲ್ಲಿ ಹರಟೆ ಹೊಡೆಯುತ್ತ ನಿಂತಿತ್ತು. ಎರಾಸ್ಮೊಗೆ ಗಿಟಾರಿನ ಮೊದಲ ಕಾರ್ಡ್‌ಗಳನ್ನು ಹೇಳಿಕೊಟ್ಟವನು ಸೆಬಾಸ್ತಿಯಾವ್. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಹುಡುಗರು ತಮ್ಮ ಹಾಡುವ ತಂಡಕ್ಕೆ ಸ್ಪುಟ್ನಿಕ್ಸ್ ಎಂದು ಹೆಸರಿಟ್ಟರು. ಸೆಬಾಸ್ತಿಯಾವ್, ರಾಬರ್ಟೊ ಮತ್ತು ಇನ್ನಿಬ್ಬರು ಟುಪಿ ಟಿವಿಯಲ್ಲಿ ಕಾರ್ಲೋಸ್ ಇಂಪೀರಿಯಲ್ ನಡೆಸುತ್ತಿದ್ದ ರಾಕ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಆಮೇಲೆ ರಾಬರ್ಟೊ ಒಬ್ಬನೇ ಹೋಗಿ ಇಂಪೀರಿಯಲ್‌ನನ್ನು ಕಂಡು, ತನಗೆ ಪ್ರತ್ಯೇಕ ಅವಕಾಶ ಬೇಕೆಂದು ಕೇಳಿದ. ಅವಕಾಶ ಸಿಕ್ಕಿತು. ವಿಷಯ ತಿಳಿದ ಸೆಬಾಸ್ತಿಯಾವ್ ಕೆರಳಿದ, ತಾನೂ ಹೋಗಿ ತನ್ನ ಪಾಲು ಕೇಳಿದ. ಒಬ್ಬ ಬ್ರೆಜಿಲ್‌ನ ಎಲ್ವಿಸ್, ಇನ್ನೊಬ್ಬ ಬ್ರೆಜಿಲ್‌ನ ಲಿಟಲ್ ರಿಚರ್ಡ್ ಎಂದು ಇಂಪೀರಿಯಲ್ ಇಬ್ಬರಿಗೂ ಬಿರುದು ಕೊಟ್ಟ. ತಂಡ ಮುರಿಯಿತು. ಬಿಳಿಯ ಹುಡುಗನ ದಾರಿ ನೇರವಾಗಿ ಖ್ಯಾತಿಯ ಕಡೆಗೆ ಸಾಗಿತು. ಕಪ್ಪು ಹುಡುಗನ ದಾರಿ ಹತ್ತು ವರ್ಷ ಸುತ್ತು ಹಾಕಿತು.

ಅಪ್ಪ ತೀರಿಕೊಂಡ ಮೇಲೆ, 1959ರಲ್ಲಿ, ಸೆಬಾಸ್ತಿಯಾವ್ ಅಮೆರಿಕಕ್ಕೆ ಹೊರಟ. ಆಗ ಅವನಿಗೆ ಹದಿನೇಳು. ನ್ಯೂಯಾರ್ಕ್ ನಗರದ ಬಡಗಣಕ್ಕೆ, ಹಡ್ಸನ್ ನದಿಯ ದಂಡೆಯಲ್ಲಿರುವ ಟ್ಯಾರಿಟೌನ್‌ನಲ್ಲಿ ನೆಲೆ ಸಿಕ್ಕಿತು. ಸಿಕ್ಕಸಿಕ್ಕ ಕೆಲಸ ಮಾಡಿದ, ಬೀದಿಯಲ್ಲಿ ಇಂಗ್ಲಿಷ್ ಕಲಿತ. ಅವನು ಕಾಲಿಟ್ಟ ಗಳಿಗೆ ಎಂಥದ್ದೆಂದು ಯೋಚಿಸಿ. ಆ ವರ್ಷದ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಬೆರ್ರಿ ಗಾರ್ಡಿ ಮುಂದೆ ಮೋಟೌನ್ ಎಂದು ಹೆಸರಾಗಲಿದ್ದ ಕಂಪನಿಯನ್ನು ಶುರುಮಾಡಿದ್ದ. ರೇ ಚಾರ್ಲ್ಸ್ ಚರ್ಚಿನ ಭಜನೆಯ ಕೂಗು-ಮಾರ್ನುಡಿಯನ್ನು ಕುಣಿತದ ಮನೆಗೆ ತಂದಿದ್ದ. ಸ್ಯಾಮ್ ಕುಕ್ ದೇವರ ಹಾಡು ಬಿಟ್ಟು ಪ್ರೇಮದ ಹಾಡಿಗೆ ಹೊರಳಿದ್ದ. ಮರುವರ್ಷದ ಫೆಬ್ರುವರಿಯಲ್ಲಿ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾದ ಊಟದ ಕಟ್ಟೆಯ ಮುಂದೆ ಕುಳಿತರು. ಸಂಗೀತವೂ ನ್ಯಾಯದ ಕೂಗೂ ಒಂದೇ ಉಸಿರಿನಲ್ಲಿ ಹೊಮ್ಮುತ್ತಿದ್ದ ಆ ದಿನಗಳನ್ನು ಟಿಮ್ ಒಳಗಿನಿಂದಲೇ ಕಂಡ. ಐಡಿಯಲ್ಸ್ ಎಂಬ ಹಾಡುವ ತಂಡ ಸೇರಿ ನಾಲ್ಕು ದನಿಗಳನ್ನು ಹೆಣೆಯುವ ಕಸುಬನ್ನು ಕಲಿತ. ಬ್ರೆಜಿಲ್‌ನ ಬೇರೆ ಬಹುಪಾಲು ಗಾಯಕರಿಗೆ ಸೋಲ್ ಸಂಗೀತ ಪರಿಚಯವಾದದ್ದು ರೆಕಾರ್ಡುಗಳಿಂದ, ಅವನಿಗೆ ನೆರೆಹೊರೆಯಿಂದ.

ಅವನ ಅಮೆರಿಕವಾಸ ಕೊನೆಗೊಂಡ ಬಗೆ ಕೆಟ್ಟದ್ದು. 1963ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ, ಕದ್ದ ಕಾರಿನಲ್ಲಿ ಗಾಂಜಾ ಸಮೇತ ಸಿಕ್ಕಿಬಿದ್ದ. ಆರು ತಿಂಗಳ ಜೈಲು, ಬಳಿಕ ಗಡೀಪಾರು. 1964ರಲ್ಲಿ ಅವನು ಬಂದಿಳಿದ ಬ್ರೆಜಿಲ್ ಬಿಟ್ಟುಹೋದ ಬ್ರೆಜಿಲ್ ಆಗಿರಲಿಲ್ಲ. ಆ ವರ್ಷದ ಏಪ್ರಿಲ್ ಹುಟ್ಟುವಾಗ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು; ಸೇನಾಡಳಿತ 1985ರ ತನಕ ಕದಲಲಿಲ್ಲ. ಹಳೆಯ ಗೆಳೆಯರೂ ಹಳಬರಾಗಿ ಉಳಿದಿರಲಿಲ್ಲ. 1965ರಿಂದ ಸಾವ್ ಪಾವ್ಲೊದ ಟಿವಿಯಲ್ಲಿ ಪ್ರತಿ ಭಾನುವಾರ ರಾಬರ್ಟೊ, ಎರಾಸ್ಮೊ ಮತ್ತು ವಾಂಡರ್ಲೇಯಾ ನಡೆಸಿಕೊಟ್ಟ ‘ಜೊವೆಂ ಗ್ವಾರ್ದಾ’ ಕಾರ್ಯಕ್ರಮ ದೇಶದ ಹರೆಯದವರನ್ನೆಲ್ಲ ಟಿವಿ ಮುಂದೆ ಕೂರಿಸುತ್ತಿತ್ತು. ಟಿಮ್ ಆ ಹೊತ್ತಿಗೆ ಕಳವಿನ ಪ್ರಕರಣವೊಂದರಲ್ಲಿ ಸ್ವದೇಶದ ಜೈಲನ್ನೂ ಕಂಡಿದ್ದ. ಗೆಳೆಯರ ಖ್ಯಾತಿಯ ನೆರಳಲ್ಲಿ ಒಂದು ಅವಕಾಶಕ್ಕಾಗಿ ಸಾವ್ ಪಾವ್ಲೊಗೆ ಹೋಗಿ ಅಲೆದ. ಅವನು ತಂದಿದ್ದ ಸರಕು ಯಾವುದೆಂದು ಕಂಪನಿಗಳಿಗೆ ತಿಳಿಯುತ್ತಿರಲಿಲ್ಲ. ಅದು ಸಾಂಬಾ ಅಲ್ಲ, ಬಾಸಾ ನೋವಾ ಅಲ್ಲ, ರಾಕ್ ಕೂಡ ಅಲ್ಲ. ಆದರೂ 1968ರಲ್ಲಿ ಸಿಬಿಎಸ್ ಒಂದು ಸಣ್ಣ ರೆಕಾರ್ಡು ತಂದಿತು. ಯಾರೂ ಗಮನಿಸಲಿಲ್ಲ.

ಬಾಗಿಲು ತೆರೆದದ್ದು ಅವನು ಬರೆದ ಹಾಡುಗಳಿಂದ. 1969ರಲ್ಲಿ ರಾಬರ್ಟೊ ಕಾರ್ಲೋಸ್ ಟಿಮ್‌ನ ‘ನಾವ್ ವೋ ಫಿಕಾರ್’ ಹಾಡನ್ನು ತನ್ನ ಆಲ್ಬಮ್ಮಿಗೆ ಹಾಡಿದ. ‘ಇನ್ನು ನಾನಿಲ್ಲಿ ನಿಲ್ಲೆನು’ ಎಂಬ ಹಟದ ಆ ಹಾಡಿನಿಂದ ರಾಬರ್ಟೊನ ನಯವಾದ ದನಿಗೂ ಒಂದು ಬಿರುಸು ಬಂತು. ಅದರ ಬೆನ್ನಿಗೇ ಎಲಿಸ್ ರೆಜಿನಾ, ಬ್ರೆಜಿಲ್ ಕಂಡ ಮಹಾಗಾಯಕಿ, ತನ್ನ 1970ರ ಆಲ್ಬಮ್ಮಿಗೆ ಟಿಮ್‌ನ ಇಂಗ್ಲಿಷ್-ಪೋರ್ಚುಗೀಸ್ ಬೆರೆತ ಹಾಡನ್ನು ಆರಿಸಿಕೊಂಡು, ಅವನನ್ನೇ ಕರೆಸಿ ಜೊತೆಯಲ್ಲಿ ಹಾಡಿಸಿದಳು. ಆ ಆಲ್ಬಮ್ಮಿನ ನಿರ್ಮಾಪಕ ನೆಲ್ಸನ್ ಮೋಟಾ. ಮುಂದೆ 2007ರಲ್ಲಿ ಟಿಮ್‌ನ ಬದುಕಿನ ಕಥೆ ಬರೆದು ದೇಶಕ್ಕೆಲ್ಲ ಓದಿಸಿದವನೂ ಅವನೇ. ಎಲಿಸ್ ಪಕ್ಕದಲ್ಲಿ ನಿಂತು ಒಬ್ಬ ಅಪರಿಚಿತ ಅವಳಷ್ಟೇ ಸಲೀಸಾಗಿ ಹಾಡಿದ್ದನ್ನು ಕೇಳಿದ ಮೇಲೆ ಇವನು ಯಾರೆಂದು ಯಾರೂ ಕೇಳಬೇಕಾಗಲಿಲ್ಲ.

ಅದೇ 1970ರಲ್ಲಿ ಪಾಲಿಡೋರ್ ಕಂಪನಿಯಿಂದ ‘ಟಿಮ್ ಮಾಯಾ’ ಎಂಬ ಹೆಸರಿನ ಮೊದಲ ಎಲ್‌ಪಿ ಬಂತು. ರಿಯೊದಲ್ಲಿ 24 ವಾರ ಅದು ಮಾರಾಟದ ತುದಿಯಲ್ಲಿ ನಿಂತಿತು. ಈ ಆಲ್ಬಮ್ಮನ್ನು ನಿಧಾನವಾಗಿ ಕೇಳಬೇಕು. ಅದರ ಮೊದಲ ಹಾಡು ‘ಕೊರೊನೆ ಆಂಟೋನಿಯೊ ಬೆಂಟೊ’. ಮಾರಾನ್ಯಾವ್ ಸೀಮೆಯ ಜೊವಾವ್ ದೊ ವಾಲೆ ಮತ್ತು ಲೂಯಿಜ್ ವಾಂಡರ್ಲೇ ಬರೆದ, ಈಶಾನ್ಯದ ಬರದ ನಾಡಿನ ಜಮೀನ್ದಾರನೊಬ್ಬನ ಮನೆಯ ಮದುವೆಯ ಹಾಡು. ಆ ನಾಡಿನ ಲಯದ ಹೆಸರು ಬೈಯಾವ್. ಅಕಾರ್ಡಿಯನ್, ತ್ರಿಕೋನದ ಕಬ್ಬಿಣದ ತಾಳ, ಜಬುಂಬಾ ಎಂಬ ದೊಡ್ಡ ಡೋಲು, ಈ ಮೂರರಿಂದ ಕಟ್ಟುವ ಅದನ್ನು 1940ರ ದಶಕದಲ್ಲಿ ಲೂಯಿಜ್ ಗೊಂಜಾಗಾ ದೇಶಕ್ಕೆಲ್ಲ ಪರಿಚಯಿಸಿದ್ದ. ಟಿಮ್ ಆ ಬೈಯಾವ್ ಅಡಿಪಾಯದ ಮೇಲೆ ಮೆಂಫಿಸ್‌ನ ಬೇಸ್ ಗಿಟಾರನ್ನೂ ತುತ್ತೂರಿಗಳನ್ನೂ ತಂದು ನಿಲ್ಲಿಸಿದ. ಬೆಸುಗೆಯ ಗೆರೆ ಎಲ್ಲೂ ಕಾಣದು. ಅದೇ ಆಲ್ಬಮ್ಮಿನಲ್ಲಿ ಸೆಯಾರಾ ಸೀಮೆಯ ಹಳ್ಳಿಗರು ಸಂತನೆಂದು ನಂಬುವ ಪಾದ್ರಿ ಸಿಸೆರೊ ಮೇಲೂ ಒಂದು ಹಾಡಿದೆ. ಅಮೆರಿಕದಿಂದ ಗಡೀಪಾರಾದವನು ಅಮೆರಿಕದ ನಕಲು ಮಾಡಲು ಕೂರಲಿಲ್ಲ. ಅಲ್ಲಿನ ಕಪ್ಪು ಜನ ತಮ್ಮ ಚರ್ಚಿನಿಂದ, ಹತ್ತಿಯ ಹೊಲದಿಂದ ಹಾಡು ತೆಗೆದ ಬಗೆಯನ್ನು ಕಲಿತು ಬಂದು, ತನ್ನ ನಾಡಿನ ಬಡವರ ನಂಬಿಕೆ, ಮದುವೆ, ಮಣ್ಣಿನಿಂದ ಹಾಡು ತೆಗೆದ. ಈ ವ್ಯತ್ಯಾಸವನ್ನು ಗುರುತಿಸದೆ ಅವನನ್ನು ಬ್ರೆಜಿಲ್‌ನ ಜೇಮ್ಸ್ ಬ್ರೌನ್ ಎಂದು ಕರೆಯುವುದು ಅವನಿಗೆ ಮಾಡುವ ಅನ್ಯಾಯ.

ಇನ್ನೆರಡು ಹಾಡುಗಳ ಮಾತು ಹೇಳದೆ ಮುಂದೆ ಹೋಗಲಾರೆ. ‘ಪ್ರಿಮಾವೆರಾ’ ಬರೆದವರು ಪಾರಾಯಿಬಾ ಸೀಮೆಯಿಂದ ಬಂದ ಕಾಸಿಯಾನೊ ಮತ್ತು ಅವನ ಗೆಳೆಯ ಸಿಲ್ವಿಯೊ ರೊಶೇಲ್. ಮಳೆಗೆ ಹೋಗೆಂದು ಹೇಳಿ ವಸಂತವನ್ನು ಕರೆಯುವ ಪ್ರೇಮಿಯ ಹಾಡದು. ಟಿಮ್ ಅದನ್ನು ತಗ್ಗಿದ ದನಿಯಲ್ಲಿ ಆರಂಭಿಸಿ ಎದೆ ತುಂಬಿಸಿಕೊಳ್ಳುತ್ತ ಮೇಲೇರುತ್ತಾನೆ. ಕಾಸಿಯಾನೊನಂಥ ಸೂಕ್ಷ್ಮ ರಚನೆಕಾರನ ಹೆಸರು ಟಿಮ್‌ನ ಹೆಸರಿನಷ್ಟು ಬೆಳೆಯಲಿಲ್ಲ ಎಂಬುದು ಆ ಪೀಳಿಗೆಯ ಒಂದು ದುಃಖ. ಇನ್ನೊಂದು, ಟಿಮ್‌ನೇ ಬರೆದ ‘ಅಜೂಲ್ ದಾ ಕೋರ್ ದೊ ಮಾರ್’, ಕಡಲಿನ ನೀಲಿಯ ಹಾಡು. ಕಡಲಿಲ್ಲದ ಬಡಾವಣೆಯಲ್ಲಿ ಬೆಳೆದವನು, ಪ್ರೀತಿ ದಕ್ಕದ ಕಾಲದಲ್ಲಿ ಬರೆದದ್ದು. ನೊಂದವನಿಗೂ ಬದುಕಲು ಒಂದು ಕನಸು ಬೇಕು ಎನ್ನುವುದಷ್ಟೇ ಅದರ ಮಾತು. ಅಳುವನ್ನು ಪ್ರದರ್ಶನಕ್ಕಿಡದೆ ಅಳುವಿನ ಭಾರವನ್ನು ದನಿಯಲ್ಲಿ ಹೊರುವುದು ಹೇಗೆಂದು ತಿಳಿಯಬೇಕಾದರೆ ಈ ಹಾಡನ್ನು ಕೇಳಬೇಕು.

ಈ ಯಶಸ್ಸು ಬಂದ ಕಾಲ ಭಯದ ಕಾಲ. 1968ರ ಡಿಸೆಂಬರ್‌ನಲ್ಲಿ ಸೇನಾ ಸರ್ಕಾರ ಐದನೆಯ ಸಾಂಸ್ಥಿಕ ಶಾಸನ ಹೊರಡಿಸಿ ಸಂಸತ್ತನ್ನು ಮುಚ್ಚಿಸಿತ್ತು, ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರ ಪಡೆದಿತ್ತು. ಕಾಯೆಟಾನೊ ವೆಲೋಸೊ, ಜಿಲ್ಬೆರ್ಟೊ ಜಿಲ್ ಇಬ್ಬರನ್ನೂ ಹಿಡಿದು, ಆಮೇಲೆ ದೇಶ ಬಿಡಿಸಿ ಲಂಡನ್‌ಗೆ ಅಟ್ಟಿತು. ಸೆನ್ಸಾರ್ ಅಧಿಕಾರಿಗಳು ಹಾಡಿನ ಸಾಲುಸಾಲಿಗೂ ಕತ್ತರಿ ಹಿಡಿದು ಕೂತಿದ್ದರು. ಟಿಮ್ ಬರೆಯುತ್ತಿದ್ದದ್ದು ಪ್ರೇಮ, ವಿರಹ, ಕುಣಿತ. ಕತ್ತರಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೆ ಕಪ್ಪು ಮನುಷ್ಯನೊಬ್ಬ ತಗ್ಗದ ದನಿಯಲ್ಲಿ, ಬಾಗದ ಕತ್ತಿನಲ್ಲಿ ಟಿವಿಯಲ್ಲಿ ನಿಲ್ಲುವುದೇ ಆಗ ಸಣ್ಣ ಮಾತಲ್ಲ. ಗುಲಾಮಗಿರಿಯನ್ನು 1888ರ ತನಕ ಉಳಿಸಿಕೊಂಡಿದ್ದ ದೇಶ ಅದು. ಬಣ್ಣದ ಭೇದವೇ ನಮ್ಮಲ್ಲಿಲ್ಲ ಎಂಬುದು ಸರ್ಕಾರದ ನಂಬಿಕೆ. ಇದೆ ಎಂದವನು ಒಡಕು ತರುವವನು. 1970ರ ಅಂತರರಾಷ್ಟ್ರೀಯ ಗೀತೋತ್ಸವದಲ್ಲಿ ‘ಬಿಆರ್-3’ ಹಾಡಿ ಬ್ರೆಜಿಲ್ ಮಟ್ಟದ ಸ್ಪರ್ಧೆ ಗೆದ್ದ ಟೋನಿ ಟೊರ್ನಾಡೊ, ಮರುವರ್ಷ ಅದೇ ಉತ್ಸವದಲ್ಲಿ ಮುಷ್ಟಿ ಎತ್ತಿ ನಿಂತದ್ದಕ್ಕೆ ಪೊಲೀಸರ ಕೈಗೆ ಸಿಕ್ಕಿದ.

ಗುಡ್ಡದ ಬಡಗಣ ಮಗ್ಗುಲಲ್ಲಿ ಅಷ್ಟರಲ್ಲಿ ಬೇರೆಯದೇ ಒಂದು ಲೋಕ ಎದ್ದಿತ್ತು. ವಾರದ ಕೊನೆಯಲ್ಲಿ ಬಡಾವಣೆಗಳ ಕ್ರೀಡಾ ಕ್ಲಬ್ಬುಗಳಲ್ಲಿ ಗೋಡೆಯಷ್ಟೆತ್ತರ ಧ್ವನಿವರ್ಧಕ ಜೋಡಿಸಿ ಸೋಲ್ ಸಂಗೀತ ಹಾಕುತ್ತಿದ್ದರು. ಎತ್ತರದ ಹಿಮ್ಮಡಿಯ ಬೂಟು, ಬಣ್ಣದ ಕೋಟು, ದುಂಡಗೆ ಬಿಟ್ಟ ಗುಂಗುರು ಕೂದಲಿನ ಸಾವಿರಾರು ಹುಡುಗ ಹುಡುಗಿಯರು ಬೆಳಗಿನ ಜಾವದವರೆಗೆ ಕುಣಿಯುತ್ತಿದ್ದರು. ಕಪ್ಪು ಜನರ ಕ್ಲಬ್ಬಾದ ರೆನಾಸೆನ್ಸಾದಲ್ಲಿ ಡೋಂ ಫಿಲೊ ಎಂದು ಹೆಸರಾದ ಅಸ್ಫಿಲೋಫಿಯೊ ದೆ ಒಲಿವೇರಾ ಫಿಲ್ಯೊ ನಡೆಸುತ್ತಿದ್ದ ಕುಣಿತದ ರಾತ್ರಿಗಳಲ್ಲಿ ಗೋಡೆಯ ಮೇಲೆ ಕಪ್ಪು ಸಾಧಕರ ಚಿತ್ರಗಳು ಮೂಡುತ್ತಿದ್ದವು. 1976ರ ಜುಲೈನಲ್ಲಿ ‘ಜೊರ್ನಾಲ್ ದೊ ಬ್ರಾಸಿಲ್’ ಪತ್ರಿಕೆಯ ಲೆನಾ ಫ್ರಿಯಾಸ್ ಇದರ ಬಗ್ಗೆ ದೀರ್ಘ ಬರಹ ಪ್ರಕಟಿಸಿ ಬ್ಲ್ಯಾಕ್ ರಿಯೊ ಎಂಬ ಹೆಸರು ಕೊಟ್ಟಳು. ಅಷ್ಟಾಗುತ್ತಲೇ ಸರ್ಕಾರದ ಗುಪ್ತಚರರು ಕಡತ ತೆರೆದರು. ಇತ್ತ ಸಾಂಬಾದ ಅಭಿಮಾನಿಗಳೂ ಎಡಪಂಥದ ಹಲವರೂ ಇದು ಅಮೆರಿಕದಿಂದ ಆಮದಾದ ಮಾಲು ಎಂದು ಮೂಗು ಮುರಿದರು. ಬಿಳಿಯ ಹುಡುಗರು ರಾಕ್ ಹಾಡಿದಾಗ ಅಷ್ಟೊಂದು ಕಾಡದ ಆಮದಿನ ಚಿಂತೆ ಕಪ್ಪು ಹುಡುಗರು ಸೋಲ್ ಕುಣಿದಾಗ ಇಷ್ಟು ಕಾಡಿದ್ದು ಆಕಸ್ಮಿಕವೆಂದು ನಾನು ನಂಬಲಾರೆ. ಟಿಮ್ ಚಳವಳಿಯ ಭಾಷಣ ಮಾಡಿದವನಲ್ಲ. ಆದರೆ ಆ ಕುಣಿತದ ಮನೆಗಳಲ್ಲಿ ತಮ್ಮದೇ ಭಾಷೆಯಲ್ಲಿ ಹಾಡುವ ಒಬ್ಬ ದೊಡ್ಡವನಿದ್ದಾನೆ ಎಂಬ ಧೈರ್ಯ ಅವನಿಂದ ಬಂದದ್ದು.

1971, 72, 73ರಲ್ಲಿ ವರ್ಷಕ್ಕೊಂದರಂತೆ ಎಲ್‌ಪಿಗಳು ಬಂದವು. ಹಣ ಬೇಡ, ಪ್ರೀತಿಸುವುದಷ್ಟೇ ಬೇಕು ಎನ್ನುವ ಹಾಡು ಈಗಲೂ ಬ್ರೆಜಿಲ್‌ನ ಮದುವೆಗಳಲ್ಲಿ ಎಲ್ಲರನ್ನೂ ಎಬ್ಬಿಸಿ ಕುಣಿಸುತ್ತದೆ. ಎಡ್ಸನ್ ಟ್ರಿಂಡಾಡೆ ಬರೆದ ‘ಗೊಸ್ತಾವಾ ತಾಂತೊ ದೆ ವೊಸೆ’ ಅಗಲಿದವರ ನೆನಪಿನ ಹಾಡಾಗಿ ಮನೆಮಾತಾಯಿತು. ಹಣ ಬಂತು, ಲಂಡನ್ ಪ್ರವಾಸ ಆಯಿತು, ವಿಸ್ಕಿ, ಗಾಂಜಾ, ಕೊಕೇನ್ ಜೊತೆಯಾದವು. ಆದರೆ ಈ ವರ್ಷಗಳಲ್ಲಿ ಅವನು ಮಾಡಿದ ಮಹತ್ವದ ಕೆಲಸ ಇನ್ನೊಂದು. ಹಾಡು ಯಾರು ಬರೆದರೂ ಹಕ್ಕಿನ ಹಣ ಪ್ರಕಾಶನ ಕಂಪನಿಗಳ ಕೈ ಸೇರುವುದನ್ನು ಕಂಡು, ತನ್ನ ಹಾಡುಗಳಿಗೆ ತಾನೇ ಪ್ರಕಾಶಕನಾಗಲು ಹೊರಟ. ತನ್ನ ಮೂರು ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಸೆರೋಮಾ ಎಂಬ ಸಂಸ್ಥೆ ಕಟ್ಟಿದ. ಆಗಿನ ಬ್ರೆಜಿಲ್‌ನಲ್ಲಿ ಗಾಯಕರು ಯೋಚಿಸುತ್ತಲೂ ಇರದಿದ್ದ ಹೆಜ್ಜೆ ಅದು. ಕ್ಯಾರಿಯರ್ ಹೊತ್ತ ಹುಡುಗನಿಗೆ ಅಡುಗೆ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು ಎಂಬ ಲೆಕ್ಕ ಬಲು ಚೆನ್ನಾಗಿ ಗೊತ್ತಿತ್ತು.

1974ರಲ್ಲಿ ಆರ್‌ಸಿಎ ಕಂಪನಿ ಅವನಿಗೆ ಎರಡು ರೆಕಾರ್ಡುಗಳ ದೊಡ್ಡ ಆಲ್ಬಮ್ ಮಾಡುವ ಅವಕಾಶ ಕೊಟ್ಟಿತು. ವಾದ್ಯಗಳ ಮುದ್ರಣ ಬಹುಪಾಲು ಮುಗಿದಿತ್ತು. ಸಾಹಿತ್ಯ ಬರೆದು ಹಾಡುವುದಷ್ಟೇ ಬಾಕಿ. ಆಗ ಒಂದು ದಿನ ಗೀತರಚನೆಕಾರ ತಿಬೇರಿಯೊ ಗಾಸ್ಪರ್‌ನ ಮನೆಯಲ್ಲಿ ‘ಯೂನಿವೆರ್ಸೊ ಎಂ ದೆಸೆಂಕಾಂತೊ’ ಎಂಬ ಪುಸ್ತಕ ಅವನ ಕೈಗೆ ಬಂತು. ರಿಯೊದ ಹೊರವಲಯದಲ್ಲಿ ಮಾನೊಯೆಲ್ ಜಸಿಂಟೊ ಕೊಯೆಲ್ಯೊ ಎಂಬಾತ ಕಟ್ಟಿದ ‘ಕುಲ್ತುರಾ ರಾಸಿಯೊನಾಲ್’ ಪಂಥದ ಗ್ರಂಥ ಅದು. ಮನುಷ್ಯ ಮೂಲತಃ ಬೇರೊಂದು ಮೇಲಿನ ಲೋಕದವನು, ದಾರಿ ತಪ್ಪಿ ಈ ಮಣ್ಣಿನ ದೇಹಕ್ಕೆ ಇಳಿದಿದ್ದಾನೆ, ಈ ಗ್ರಂಥವನ್ನು ಮತ್ತೆ ಮತ್ತೆ ಓದಿದರೆ ಶುದ್ಧನಾಗಿ ಮರಳಬಹುದು, ಹಾರುವ ತಟ್ಟೆಗಳು ಆ ಲೋಕದ ಗುರುತು ಎಂಬುದು ಅದರ ಸಾರ. ಟಿಮ್ ಓದಿದ, ಮತ್ತೆ ಓದಿದ, ಪೂರ್ತಿ ಶರಣಾದ.

ಬದಲಾವಣೆ ಗಿಡುಗ ಎರಗಿದಷ್ಟು ಬೇಗ ಆಯಿತು. ಮದ್ಯ, ಮಾದಕ, ಮಾಂಸ ಮೂರನ್ನೂ ಬಿಟ್ಟ. ಗಡ್ಡ ಬೋಳಿಸಿದ, ಮೈ ಇಳಿಸಿದ, ಬಿಳಿ ಬಟ್ಟೆಯ ಹೊರತು ಬೇರೆ ತೊಡಲಿಲ್ಲ. ತಂಡದ ವಾದ್ಯಗಾರರಿಗೂ ಬಿಳಿಯುಡುಗೆ ತೊಡಿಸಿದ, ವಾದ್ಯಗಳಿಗೂ ಬಿಳಿ ಬಣ್ಣ ಬಳಿಸಿದ. ಮುದ್ರಣಗೊಂಡಿದ್ದ ವಾದ್ಯಸಂಗೀತದ ಮೇಲೆ ಪ್ರೇಮದ ಸಾಹಿತ್ಯ ಬರೆಯುವ ಬದಲು ಆ ಗ್ರಂಥವನ್ನು ಓದಿರೆಂಬ ಸಾಹಿತ್ಯ ಬರೆದು ಹಾಡಿದ. ಆರ್‌ಸಿಎಯವರು ಕೇಳಿ ಒಲ್ಲೆವೆಂದರು. ಟಿಮ್ ಟೇಪುಗಳನ್ನು ಅವರಿಂದ ಕೊಂಡು, ತನ್ನ ಸೆರೋಮಾ ಹೆಸರಿನಲ್ಲೇ 1975ರಲ್ಲಿ ‘ಟಿಮ್ ಮಾಯಾ ರಾಸಿಯೊನಾಲ್’ ಮೊದಲ ಸಂಪುಟವನ್ನು ಹೊರತಂದ. ಹಿಂದೆಯೇ ಎರಡನೆಯದೂ ಬಂತು. ಅಂಗಡಿಗಳಿಗೆ ತಲುಪಿಸುವ ಜಾಲ ಅವನಿಗಿರಲಿಲ್ಲ, ರೇಡಿಯೊದವರು ಹಾಕಲೊಲ್ಲರು. ದೇಶದ ಅತಿ ದೊಡ್ಡ ಸೋಲ್ ಗಾಯಕನ ರೆಕಾರ್ಡುಗಳನ್ನು ತಂಡದವರೇ ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರಿದರು.

ಈ ಎರಡು ರೆಕಾರ್ಡುಗಳ ಮುಂದೆ ನಾನು ಪ್ರತಿ ಸಲವೂ ಬೆರಗಾಗುತ್ತೇನೆ. ಮಾತು ನೋಡಿದರೆ ಒಂದು ಪಂಥದ ಪ್ರಚಾರ. ದನಿ ಕೇಳಿದರೆ, ಟಿಮ್ ಮಾಯಾ ಅದಕ್ಕೆ ಮೊದಲೂ ಆಮೇಲೂ ಹಾಗೆ ಹಾಡಿಲ್ಲ. ಹೊಗೆಯೂ ಮದ್ಯವೂ ತಾಗದ ಗಂಟಲು ತಳದ ಮಂದ್ರದಿಂದ ತಾರಕ್ಕೆ ಎಲ್ಲೂ ಬಿರುಕಿಲ್ಲದೆ ಏರುತ್ತದೆ. ಬೇಸ್ ಗಿಟಾರು ಮತ್ತು ಡ್ರಮ್ಮು ಒಂದನ್ನೊಂದು ಬಿಟ್ಟುಕೊಡದೆ ನಡೆಯುತ್ತವೆ, ತುತ್ತೂರಿಗಳು ಬೇಕಾದಲ್ಲಿ ಮಾತ್ರ ಮಾತಾಡುತ್ತವೆ. ಮೊದಲ ಸಂಪುಟದ ಕೊನೆಗೆ ಇಂಗ್ಲಿಷಿನಲ್ಲಿ ಹಾಡಿದ ಹನ್ನೆರಡು ನಿಮಿಷದಷ್ಟು ನೀಳವಾದ ಒಂದು ಹಾಡಿದೆ. ಅದರಲ್ಲಿ ತಂಡ ಒಂದೇ ಲಯದ ಸುತ್ತ ಸುತ್ತುತ್ತ ಹೋದಂತೆ ಕೇಳುವವನಿಗೆ ಕಾಲದ ಪರಿವೆಯೇ ತಪ್ಪುತ್ತದೆ. ಎರಡನೆಯ ಸಂಪುಟದಲ್ಲಿ ಗಿನಿ-ಬಿಸಾವ್, ಮೊಜಾಂಬಿಕ್, ಅಂಗೋಲಾ ಹೆಸರುಗಳನ್ನು ಹೊತ್ತ ಹಾಡೊಂದಿದೆ. ಪೋರ್ಚುಗಲ್ಲಿನ ಹಿಡಿತದಿಂದ ಆ ನಾಡುಗಳು ಬಿಡುಗಡೆಯಾಗುತ್ತಿದ್ದ ಗಳಿಗೆ ಅದು. ಮೊಜಾಂಬಿಕ್ 1975ರ ಜೂನ್‌ನಲ್ಲಿ, ಅಂಗೋಲಾ ನವೆಂಬರ್‌ನಲ್ಲಿ ಸ್ವತಂತ್ರವಾದವು. ಅದೇ ಪೋರ್ಚುಗೀಸ್ ಆಡುವ, ಅದೇ ಆಫ್ರಿಕಾದಿಂದ ಹಡಗಿನಲ್ಲಿ ಹೊತ್ತು ತಂದವರ ಮೊಮ್ಮಕ್ಕಳ ಪೈಕಿಯ ಒಬ್ಬ ಪಂಥದ ಹಾಡಿನೊಳಗೇ ಆ ಸಂತೋಷವನ್ನು ತಂದಿಟ್ಟ. ಯಾರ ಯಜಮಾನಿಕೆಯನ್ನೂ ಒಪ್ಪದ ಮನುಷ್ಯ ತನ್ನ ದನಿಯನ್ನು ಪೂರ್ತಿಯಾಗಿ ಇನ್ನೊಬ್ಬರ ವಶಕ್ಕೆ ಕೊಟ್ಟದ್ದು ಬದುಕಿನಲ್ಲಿ ಇದೊಂದೇ ಸಲ. ಆ ಸಲವೇ ಅದು ಅತ್ಯಂತ ತಿಳಿಯಾಗಿ ಹೊಮ್ಮಿತು.

ಶರಣಾಗತಿ ಹೆಚ್ಚು ದಿನ ಉಳಿಯಲಿಲ್ಲ. ಕಾದಿದ್ದ ಹಾರುವ ತಟ್ಟೆ ಬರಲಿಲ್ಲ. ಗುರುವೆಂದು ನಂಬಿದಾತ ಸಾಮಾನ್ಯ ಮನುಷ್ಯನೇ ಎಂಬ ಅನುಮಾನ ದೃಢವಾಯಿತು. 1975 ಮುಗಿಯುವ ಮೊದಲೇ ಟಿಮ್ ಪಂಥವನ್ನು ತೊರೆದು, ತಾನು ವಂಚಿತನಾದೆನೆಂದು ಎಲ್ಲರೆದುರು ಹೇಳಿದ. ರಾಸಿಯೊನಾಲ್ ರೆಕಾರ್ಡುಗಳನ್ನು ಮಾರಾಟದಿಂದ ಹಿಂತೆಗೆದ, ಬದುಕಿರುವ ತನಕ ಮರುಮುದ್ರಣಕ್ಕೆ ಒಪ್ಪಲಿಲ್ಲ. ವಿಸ್ಕಿ ಮರಳಿತು, ಮೈ ಮರಳಿತು, ಹಾಡೂ ಮರಳಿತು. ಅಲ್ಪಸಂಖ್ಯಾತ ಬಿಳಿಯರ ಆಳ್ವಿಕೆಯಲ್ಲಿದ್ದ ರೊಡೇಷಿಯಾದ ಹೆಸರಿನ ಹಾಡು 1976ರಲ್ಲಿ ಬಂತು. ಅಮೆಜಾನಿನ ದೈತ್ಯ ತಾವರೆಯ ಹೆಸರನ್ನು ತನ್ನ ವಾದ್ಯತಂಡಕ್ಕಿಟ್ಟು ‘ವಿಟೋರಿಯಾ ರೇಜಿಯಾ’ ಕಟ್ಟಿದ. 1978ರ ಡಿಸ್ಕೊ ಆಲ್ಬಮ್ಮಿಗೆ ಓಬರ್ದಾನ್ ಮಗಲ್ಯಾಯೆಸ್‌ನ ‘ಬಾಂದಾ ಬ್ಲ್ಯಾಕ್ ರಿಯೊ’ ಜೊತೆಗೂಡಿತು. ಅದರ ‘ಸೊಸೇಗೊ’, ನನ್ನನ್ನು ನೆಮ್ಮದಿಯಾಗಿ ಬಿಡಿ ಎಂಬ ಒಂದೇ ಬೇಡಿಕೆಯ ಹಾಡು, ನೆಮ್ಮದಿ ಕಾಣದವನ ಬಾಯಲ್ಲಿ ದೇಶವನ್ನೇ ಕುಣಿಸಿತು.

ಎಂಬತ್ತರ ದಶಕ ಅವನ ಮಾರಾಟದ ದಶಕ. 1983ರಲ್ಲಿ ‘ಓ ದೆಸ್ಕೊಬ್ರಿದೋರ್ ದೊಸ್ ಸೆತೆ ಮಾರೆಸ್’ ಮತ್ತು ಮೈಕಲ್ ಸಲಿವನ್-ಪಾವ್ಲೊ ಮಸಾದಾಸ್ ಜೋಡಿ ಬರೆದ ‘ಮೆ ದೆ ಮೊಟೀವೊ’, 1985ರಲ್ಲಿ ಗಾಲ್ ಕೋಸ್ತಾ ಜೊತೆ ಅದೇ ಜೋಡಿಯ ಇನ್ನೊಂದು ಯುಗಳಗೀತೆ, ಹೀಗೆ ಒಂದಾದ ಮೇಲೊಂದು. ಇವುಗಳ ಮೆರುಗು ನನಗೆ ಅಷ್ಟು ರುಚಿಸದು. ಸಿಂಥಸೈಸರಿನ ಸಕ್ಕರೆ ಹೆಚ್ಚಾಗಿದೆ. ಆದರೂ ಟಿಮ್ ಬಾಯಿ ತೆರೆದರೆ ಸಾಮಾನ್ಯ ಸಾಲಿಗೂ ಬದುಕಿದ ಭಾರ ಬರುತ್ತದೆ. ಹಾಡಿನ ನಡುವೆ ನಿಲ್ಲಿಸಿ ಸೌಂಡ್ ಎಂಜಿನಿಯರನ್ನು ತರಾಟೆಗೆ ತೆಗೆದುಕೊಳ್ಳುವುದು, ಟಿಕೆಟ್ಟು ಮಾರಿದ ಕಾರ್ಯಕ್ರಮಕ್ಕೆ ಬಾರದೇ ಇರುವುದು, ಕಂಪನಿಗಳ ಜೊತೆ, ಪ್ರಾಯೋಜಕರ ಜೊತೆ, ಕೆಲವೊಮ್ಮೆ ತನ್ನ ವಾದ್ಯಗಾರರ ಜೊತೆಗೂ ಮೊಕದ್ದಮೆ, ಇವು ಅವನ ಹೆಸರಿಗೆ ಅಂಟಿಕೊಂಡವು. ಜನ ಇವನ್ನು ತಮಾಷೆಯ ಕಥೆಗಳಂತೆ ಹೇಳಿಕೊಳ್ಳುತ್ತಾರೆ. ಕಾದು ಕಾದು ಮರಳಿದ ಕೇಳುಗರಿಗೆ, ಸಂಬಳಕ್ಕೆ ಕಾದ ವಾದ್ಯಗಾರರಿಗೆ ಅದು ತಮಾಷೆಯಾಗಿರಲಾರದು. ತನ್ನ ಪಾಲನ್ನು ಯಾರಿಗೂ ಬಿಡದವನು ಇತರರಿಗೆ ಸಲ್ಲಬೇಕಾದದ್ದನ್ನು ಎಷ್ಟೋ ಸಲ ಮರೆತ. ತೊಂಬತ್ತರ ಹೊತ್ತಿಗೆ ದೊಡ್ಡ ಕಂಪನಿಗಳ ಹಂಗನ್ನೇ ಬಿಟ್ಟು ವಿಟೋರಿಯಾ ರೇಜಿಯಾ ಹೆಸರಿನ ಸ್ವಂತ ಲೇಬಲ್ಲಿನಿಂದ ರೆಕಾರ್ಡುಗಳನ್ನು ತಂದ. ಅದರಲ್ಲಿ 1990ರ ಒಂದು ಆಲ್ಬಮ್ ಪೂರ್ತಿ ಬಾಸಾ ನೋವಾ. ಗುಡ್ಡದಾಚೆಯ ಪಿಸುದನಿಯ ಹಾಡುಗಳನ್ನು ಬಡಗಣ ಮಗ್ಗುಲಿನ ಗಂಟಲು ಅಷ್ಟೇ ಮೆಲುವಾಗಿ ಹಾಡಿತು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಕೊನೆಯ ವರ್ಷಗಳಲ್ಲಿ ದೇಹವನ್ನು ಹಣ್ಣು ಮಾಡಿದ್ದವು. 1998ರ ಮಾರ್ಚ್ 8ರಂದು, ರಿಯೊ ಕೊಲ್ಲಿಯ ಆಚೆ ದಂಡೆಯ ನಿತೆರಾಯ್ ಊರಿನ ನಗರ ರಂಗಮಂದಿರದಲ್ಲಿ ಟಿವಿ ಮುದ್ರಣಕ್ಕಾಗಿ ವೇದಿಕೆ ಏರಿದ. ಹಾಡಲು ಶುರುಮಾಡಿದ, ಉಸಿರು ಕೈಕೊಟ್ಟಿತು, ಒಳಗೆ ಹೋದ. ಅಲ್ಲಿಂದ ಆಸ್ಪತ್ರೆಗೆ. ಒಂದು ವಾರ ಕಳೆದು ಮಾರ್ಚ್ 15ರಂದು ತೀರಿಕೊಂಡಾಗ ಅವನಿಗೆ ಐವತ್ತೈದು ವರ್ಷ.

ಅವನು ಬಚ್ಚಿಡಲು ನೋಡಿದ ರಾಸಿಯೊನಾಲ್ ರೆಕಾರ್ಡುಗಳು ಮಾತ್ರ ಬಚ್ಚಿಟ್ಟುಕೊಂಡು ಕೂರಲಿಲ್ಲ. ತೊಂಬತ್ತರ ದಶಕದಲ್ಲಿ ಡಿಜೆಗಳು ಹಳೆಯ ಅಂಗಡಿಗಳಲ್ಲಿ ಅವನ್ನು ಹುಡುಕಿ ದುಬಾರಿ ಬೆಲೆ ಕೊಟ್ಟು ಕೊಂಡರು. 2002ರ ‘ಸಿಟಿ ಆಫ್ ಗಾಡ್’ ಚಿತ್ರದಲ್ಲಿ ಎರಡನೆಯ ಸಂಪುಟದ ಹಾಡೊಂದನ್ನು ಜಗತ್ತು ಕೇಳಿತು. 2006ರಲ್ಲಿ ಮೊದಲ ಸಂಪುಟದ ಅಧಿಕೃತ ಮರುಮುದ್ರಣ ಬಂತು. 2012ರಲ್ಲಿ ಡೇವಿಡ್ ಬರ್ನ್‌ನ ಲೂವಾಕಾ ಬಾಪ್ ಲೇಬಲ್ ಅವನ ಎಪ್ಪತ್ತರ ದಶಕದ ಹಾಡುಗಳನ್ನು ಆಯ್ದು ಅಮೆರಿಕದ ಕೇಳುಗರ ಮುಂದಿಟ್ಟಿತು, ಗಡೀಪಾರಾಗಿ ಸುಮಾರು ಅರ್ಧ ಶತಮಾನದ ಮೇಲೆ. ಇವೆಲ್ಲಕ್ಕಿಂತ ಮೊದಲೇ, 1988ರಲ್ಲಿ, ಸಾವ್ ಪಾವ್ಲೊದ ಬಡ ಹೊರವಲಯಗಳ ನಾಲ್ವರು ಕಪ್ಪು ಯುವಕರು ರ‍್ಯಾಪ್ ತಂಡವೊಂದನ್ನು ಕಟ್ಟಿ, ಈ ರೆಕಾರ್ಡುಗಳ ಹೆಸರಿನಿಂದಲೇ ತಮ್ಮ ತಂಡಕ್ಕೆ ಹೆಸರು ತೆಗೆದುಕೊಂಡಿದ್ದರು: ‘ರಾಸಿಯೊನಾಯಿಸ್ ಎಂಸೀಸ್’. 1993ರ ‘ಓಮೆಂ ನಾ ಎಸ್ತ್ರಾದಾ’, ಜೈಲಿನಿಂದ ಬಂದವನು ಬದುಕು ಕಟ್ಟಿಕೊಳ್ಳಲು ಹೆಣಗಿ ಪೊಲೀಸರ ಗುಂಡಿಗೆ ಬಲಿಯಾಗುವ ಅವರ ಕಥನಗೀತೆ, ಟಿಮ್‌ನ ‘ಎಲಾ ಪಾರ್ತಿಯು’ ಹಾಡಿನ ತುಣುಕಿನ ಮೇಲೆ ನಿಂತಿದೆ. ಅವರ 1997ರ ಆಲ್ಬಮ್ಮಿನ ಸಾಹಿತ್ಯವನ್ನು ಕಂಪೀನಾಸ್ ವಿಶ್ವವಿದ್ಯಾಲಯ ತನ್ನ ಪ್ರವೇಶ ಪರೀಕ್ಷೆಯ ಕಡ್ಡಾಯ ಓದಿನ ಪಟ್ಟಿಗೆ ಸೇರಿಸಿತು.